ಸ್ವಾವಲಂಬನೆಗೂ ರಾತ್ರಿ ಹತ್ತರ ಗಡುವು!

ಮಾನ್ಯರೆ,

ಬಸ್ ನಿಲ್ದಾಣದ ಹಿಂದಿನ ನಿರಾಶ್ರಿತರ ವಸತಿ ಕೇಂದ್ರದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಬೀದಿಯಲ್ಲಿ ಮಲಗುವವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸುತ್ತಾರಂತೆ. ಹಾರ, ಶಾಲು, ಫೋಟೊ ಎಲ್ಲವೂ ಇತ್ತು. ಆ ಕೇಂದ್ರದ ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ ಎನ್ನುವುದನ್ನು ಮಾತ್ರ ಬರೆದಿರಲಿಲ್ಲ.

ನಮ್ಮ ಅಂಗಡಿ ಮೆಟ್ಟಿಲ ಮೇಲೆ ಮಲಗುವ ಹುಡುಗನೊಬ್ಬ ಮದುವೆ ಛತ್ರಗಳಲ್ಲಿ ಬಡಿಸುವ, ಪಾತ್ರೆ ತೊಳೆಯುವ ಕೆಲಸಕ್ಕೆ ಹೋಗುತ್ತಾನೆ. ಮೊನ್ನೆ ಮಳೆಯಲ್ಲಿ ಷಟರ್‌ಗೆ ಒತ್ತಿಕೊಂಡು ನಡುಗುತ್ತ ಕೂತಿದ್ದ. ಪಾಪ ಅಂತ ಕರೆದುಕೊಂಡು ಹೊರಟೆ. ಆಟೊದವನು ಒಂದೂವರೆ ಪಟ್ಟು ಕೇಳಿದ, ಕೊಟ್ಟೆ. ಕೇಂದ್ರದ ಮುಂದಿನ ಗುಂಡಿಯಲ್ಲಿ ಮೊಣಕಾಲವರೆಗೆ ಇಳಿದೆ. ಬಾಗಿಲು ಹಾಕಿತ್ತು, ಒಳಗೆ ಟಿ.ವಿ. ಸದ್ದು ಜೋರಾಗಿತ್ತು. ಬಡಿದೂ ಬಡಿದೂ ಕೊನೆಗೆ ಕಿಟಕಿಯಲ್ಲಿ ಮುಖ ತೋರಿಸಿದವರು, ‘ಟೈಮ್ ಆಯ್ತು ಸಾರ್. ಹತ್ತರ ಮೇಲೆ ತಗೊಳ್ಳಲ್ಲ. ನಾಳೆ ಆಧಾರ್ ಕಾರ್ಡ್ ಜತೆ ಕಳ್ಸಿ’ ಎಂದು ಕಿಟಕಿಯನ್ನೂ ಮುಚ್ಚಿಕೊಂಡರು. ಬೆಳಿಗ್ಗೆ ಏಳಕ್ಕೆ ಎಲ್ಲರೂ ಜಾಗ ಖಾಲಿ ಮಾಡಬೇಕೆಂದು ಬಾಗಿಲ ಮೇಲೆ ಚೀಟಿ ಬೇರೆ. ನಾನು ತೊಪ್ಪೆಯಾಗಿ ಮನೆ ಸೇರಿ ಬೈಸಿಕೊಂಡಿದ್ದೂ ಆಯಿತು, ಈಗ ನೆಗಡಿ.

ಛತ್ರದಲ್ಲಿ ಕೊನೆಯ ಪಂಕ್ತಿ ಏಳುವುದೇ ಹತ್ತೂವರೆಗೆ. ಹಂಡೆ, ಕೊಪ್ಪರಿಗೆ ತಿಕ್ಕಿ ಮುಗಿಸುವಾಗ ರಾತ್ರಿ ಒಂದು ಗಂಟೆ. ಹತ್ತಕ್ಕೆ ಕೇಂದ್ರ ಸೇರಬೇಕೆಂದರೆ ಆ ಹುಡುಗ ಕೆಲಸ ಬಿಡಬೇಕು. ನಗರಾಡಳಿತದ ಸಾಹೇಬರ ಲೆಕ್ಕದಲ್ಲಿ ಸ್ವಾವಲಂಬನೆ ಎಂದರೆ ಅದೇ ಇರಬಹುದು. ಹಗಲು ಮಲಗೋಣವೆಂದರೆ ಏಳಕ್ಕೇ ಹೊರಗೆ. ಅವನ ಬ್ಯಾಗು ಕಳುವಾದಾಗ ಆಧಾರ್ ಕಾರ್ಡೂ ಹೋಯಿತು. ಅಂದಿನಿಂದ ಚಪ್ಪಲಿಯನ್ನೂ ತಲೆಯಡಿ ಇಟ್ಟುಕೊಂಡು ಮಲಗುತ್ತಾನೆ.

ಕಾಯಂ ಮನೆ ಇಲ್ಲದವರಿಗೆ ಆಧಾರ್ ಕೊಡಲು ವಿಶೇಷ ಕ್ರಮ ಕೈಗೊಳ್ಳಬೇಕೆಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಗುರುತಿನ ಚೀಟಿ, ಪಿಂಚಣಿ ಮಾಡಿಸಲು ಆಸರೆಯಾಗಬೇಕಾದ ಕೇಂದ್ರವೇ ಬಾಗಿಲಲ್ಲಿ ಕಾರ್ಡ್ ಕೇಳಿದರೆ ಹೇಗೆ? ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನದ 24 ಗಂಟೆಯೂ ತೆರೆದಿರುವ ಕೇಂದ್ರ ಇರಬೇಕು ಎಂದಿತ್ತು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ. ಸುಪ್ರೀಂ ಕೋರ್ಟ್ ಕೂಡ 2010ರಲ್ಲೇ ಇದನ್ನು ಹೇಳಿತ್ತು. ನಮ್ಮವರಿಗೆ ಇನ್ನೂ ಪ್ರತಿ ತಲುಪಿಲ್ಲವೇನೋ.

ದುಡ್ಡಿಲ್ಲ ಎನ್ನುವಂತಿಲ್ಲ. ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರ ಎಂದು ನಮ್ಮಿಂದ ವರ್ಷವರ್ಷವೂ ವಸೂಲಿ ಮಾಡುತ್ತಾರೆ. ಒಂದು ದಿನ ತಡವಾದರೆ ದಂಡ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಹೋದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಇದೇ ಸಾಹೇಬರು ನಮ್ಮ ಬೀದಿಯ ಚರಂಡಿಗೆ ಚಪ್ಪಡಿ ಹಾಕಿಸುತ್ತೇವೆಂದು ಹೇಳಿ ಹಳೆಯ ಚಪ್ಪಡಿಯನ್ನೂ ಎತ್ತಿಸಿಕೊಂಡು ಹೋದವರು. ಬೀದಿದೀಪ ಹಗಲೆಲ್ಲ ಉರಿಯುತ್ತದೆ, ಕತ್ತಲಾದ ಕೂಡಲೇ ಅದಕ್ಕೂ ಡ್ಯೂಟಿ ಮುಗಿಯುತ್ತದೆ. ಖಾತೆ ಬದಲಾವಣೆಗೆ ಕೊಟ್ಟ ನನ್ನ ಅರ್ಜಿ ಯಾವ ಮೇಜಿನ ಕೆಳಗಿದೆಯೋ ದೇವರಿಗೇ ಗೊತ್ತು. ಆಯುಕ್ತರು ಬದಲಾಗುತ್ತಲೇ ಇರುತ್ತಾರೆ, ಗುಮಾಸ್ತರು ಮಾತ್ರ ಅಲ್ಲೇ.

ಸಂಬಂಧಪಟ್ಟವರು ಕೂಡಲೇ ಗಮನಹರಿಸಿ ಕೇಂದ್ರವನ್ನು ಹಗಲೂ ರಾತ್ರಿ ತೆರೆದಿಡಬೇಕು. ಆಗದಿದ್ದರೆ ಆ ಬಣ್ಣದ ಬೋರ್ಡನ್ನಾದರೂ ಇಳಿಸಲಿ. ಹಾಗೆಯೇ ಚರಂಡಿ ವಿಷಯವನ್ನೂ ನೋಡಲಿ. ಶಾಲು ಹೊದ್ದ ಮಹನೀಯರು ಒಂದು ರಾತ್ರಿ, ಹನ್ನೊಂದರ ಮೇಲೆ, ಫೋಟೊದವರಿಲ್ಲದೆ ಅಲ್ಲಿಗೆ ಹೋಗಿ ಬಾಗಿಲು ಬಡಿಯಲಿ. ಆಧಾರ್ ಕಾರ್ಡ್ ಒಯ್ಯಲು ಮರೆಯದಿರಲಿ.

– ಬಸ್ ನಿಲ್ದಾಣ ರಸ್ತೆಯ ಅಂಗಡಿಯವ