ಪುಟ್ಟಿಗೆ, ಹಿಂದೆ ಉಳಿದವರ ಬಗ್ಗೆ

ಪ್ರೀತಿಯ ಪುಟ್ಟಿ,

ಅಮೆರಿಕದಲ್ಲಿ ಗುಲಾಮಗಿರಿಯಿಂದ ತಾನೂ ತಪ್ಪಿಸಿಕೊಂಡು ಬೇರೆಯವರನ್ನೂ ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಬಗ್ಗೆ ನೀನು ಮಕ್ಕಳಿಗೆ ಬರೆದ ಕಥೆ ಓದಿದೆ. ಆದರೆ ಅದರ ಜೊತೆ ನೀನು ಬರೆದ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಎಲ್ಲರೂ ಗುಲಾಮಗಿರಿ ಇಲ್ಲದ ಕೆನಡಾ ಮುಟ್ಟಿದರು ಅಂತ ನೀನು ಓದಿ ಮುಗಿಸಿದಾಗ ಮಗಳು "ಹಿಂದೆ ಉಳಿದವರು ಏನಾದರು?" ಅಂದಳಂತೆ. ನೀನು "ಅವರೂ ಆಮೇಲೆ ಬಂದರು" ಅಂದುಬಿಟ್ಟೆ. ಈಗ ನಿಜ ಹೇಳಿದರೆ ಮಗು ಹೆದರುತ್ತದೆ ಅಂತ ನಿನಗೇ ಹೆದರಿಕೆ.

ಹರಾಜಿನ ಭಾಗ ಚೆನ್ನಾಗಿದೆ. 1850ರ ಡಿಸೆಂಬರ್, ಮೇರಿಲ್ಯಾಂಡ್ ರಾಜ್ಯದ ಕೇಂಬ್ರಿಜ್ ಊರಿನ ಕೋರ್ಟಿನ ಮುಂದೆ ಹರಾಜಿಗೆ ನಿಂತ ಹ್ಯಾರಿಯೆಟ್ ಟಬ್‌ಮನ್ನಳ ಅಕ್ಕನ ಮಗಳು ಕೆಸೈಯಾ, ಜೊತೆಗೆ ಅವಳ ಇಬ್ಬರು ಮಕ್ಕಳು. ಗುಲಾಮನಲ್ಲದ ಗಂಡ ತಾನೇ ಹರಾಜು ಕೂಗಿ, ದುಡ್ಡು ಕಟ್ಟುವ ಹೊತ್ತಿಗೆ ಹೆಂಡತಿ ಮಕ್ಕಳ ಸಮೇತ ಮಾಯ, ದೋಣಿ ಹತ್ತಿ ಬಾಲ್ಟಿಮೋರಿಗೆ! ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಆದರೆ ಕೆಸೈಯಾಳ ಅಮ್ಮ? ಅವಳನ್ನೂ ಸೇರಿಸಿ ಹ್ಯಾರಿಯೆಟ್‌ಳ ಮೂವರು ಅಕ್ಕಂದಿರನ್ನು ಮಾರಿಬಿಟ್ಟಿದ್ದರು. ಅವರು ಮತ್ತೆ ಮನೆಯವರ ಜೊತೆ ಸೇರಲೇ ಇಲ್ಲ. ಹ್ಯಾರಿಯೆಟ್ ಸುಮಾರು 13 ಸಲ ಮೇರಿಲ್ಯಾಂಡಿಗೆ ಹೋಗಿ 70ರಷ್ಟು ಜನರನ್ನು ಕರೆತಂದವಳು, 1860ರಲ್ಲಿ ಕೊನೆಯ ಸಲ ತಂಗಿ ರೇಚಲ್‌ಗಾಗಿ ಹೋದರೆ ಅವಳು ಆಗಲೇ ತೀರಿಕೊಂಡಿದ್ದಳು. ತಂಗಿಯ ಇಬ್ಬರು ಮಕ್ಕಳನ್ನು ಬಿಡಿಸಲು 30 ಡಾಲರ್ ಲಂಚ ಬೇಕಿತ್ತು. ಇರಲಿಲ್ಲ. ಮಕ್ಕಳು ಅಲ್ಲೇ ಉಳಿದರು. 30 ಡಾಲರ್, ಪುಟ್ಟಿ.

ನಮ್ಮೂರಲ್ಲಿ ಅಪ್ಪನ ಸಾಲಕ್ಕೆ ಜೀತಕ್ಕಿದ್ದ ಅಣ್ಣ ತಮ್ಮ ನೆನಪಾದರು. ಯಾರ ಮನೆ ಅಂತ ನಿನಗೆ ಗೊತ್ತು, ಬರೆಯುವುದಿಲ್ಲ. ಅದೂ ಇದೂ ಒಂದೇ ಅನ್ನುತ್ತಿಲ್ಲ, ಅಲ್ಲಿ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಕೂಸೂ ಮಾಲೀಕನ ಸ್ವತ್ತು. ಅಣ್ಣ ಒಂದು ರಾತ್ರಿ ಓಡಿಹೋದ. ಬೊಂಬಾಯಿಯಲ್ಲಿದ್ದಾನೆ, ಹೋಟೆಲ್ ಇಟ್ಟಿದ್ದಾನೆ ಅಂತ ನಾವು ಮಕ್ಕಳೆಲ್ಲ ಕಥೆ ಕಟ್ಟಿದ್ದೇ ಕಟ್ಟಿದ್ದು. ಅವನ ಪಾಲಿನ ದನ, ಸಗಣಿ, ಏಟು ಎಲ್ಲ ತಮ್ಮನಿಗೆ ಬಿತ್ತು. ದಿನಾ ನಮ್ಮ ಬಾಗಿಲ ಮುಂದೆಯೇ ದನ ಹೊಡೆದುಕೊಂಡು ಹೋಗುತ್ತಿದ್ದ, ನಾನು ಒಂದು ಮಾತು ಕೇಳಲಿಲ್ಲ. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬರುವ ಹೊತ್ತಿಗೆ ಮದುವೆಯಾಗಿ ಊರು ಬಿಟ್ಟಿದ್ದೆ. ಆಮೇಲೆ ಟೀಚರ್ ಆಗಿ ಅಷ್ಟು ವರ್ಷ ಮಕ್ಕಳಿಗೆ ಹೇಳಿದ್ದೂ ಓಡಿಹೋದವನ ಕಥೆಯನ್ನೇ. ನಿನ್ನ ಮಗಳಂತೆ ಒಬ್ಬರೂ ಕೇಳಲಿಲ್ಲ, ಅಥವಾ ಕೇಳುವ ಹಾಗೆ ನಾನು ಹೇಳಲಿಲ್ಲವೇನೋ.

ನಾನೇನು ಕಥೆ ಬರೆಯುವವಳಲ್ಲ, ಆದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ದೋಣಿಯಲ್ಲಿರುವ ಕೆಸೈಯಾಳ ಹುಡುಗನೇ "ಅಜ್ಜಿ ಎಲ್ಲಿ?" ಅಂತ ಕೇಳಲಿ. ಯಾರೂ ಉತ್ತರ ಕೊಡದಿದ್ದರೂ ನಡೆಯುತ್ತದೆ. ಕೌದಿಯ ಮೇಲೆ ಗುಟ್ಟಿನ ಗುರುತು ಹೊಲಿದು ದಾರಿ ತೋರಿಸುತ್ತಿದ್ದರು ಅಂತ ಬರೆದಿದ್ದೀಯಲ್ಲ, ಅದನ್ನು ತೆಗಿ. ಇತಿಹಾಸಕಾರರಿಗೆ ಅದಕ್ಕೆ ಆಧಾರ ಸಿಕ್ಕಿಲ್ಲ. ನಿಜವಾದ ಜಾಣತನ ಬೇಕಾದಷ್ಟಿದೆ: ಶನಿವಾರ ರಾತ್ರಿ ಹೊರಟರೆ ಸೋಮವಾರದವರೆಗೆ ಪೇಪರಿನಲ್ಲಿ ಓಡಿಹೋದವರನ್ನು ಹುಡುಕುವ ಜಾಹೀರಾತು ಬರುವುದಿಲ್ಲ ಅಂತ ಹ್ಯಾರಿಯೆಟ್ ಲೆಕ್ಕ ಹಾಕುತ್ತಿದ್ದಳು.

ಮಗಳು ಇನ್ನೊಮ್ಮೆ ಕೇಳಿದರೆ "ಎಲ್ಲರೂ ಬರಲಿಲ್ಲ ಮರಿ" ಅನ್ನು. ಅಳಬಹುದು. ಹೆದರಲೂಬಹುದು, ನಾನು ಇಲ್ಲಿ ಕೂತು ಹೇಳುವುದು ಸುಲಭ. 1864ರ ನವೆಂಬರ್‌ನಲ್ಲಿ ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ರದ್ದಾಯಿತು, ಅದನ್ನೂ ಹೇಳು. ಆದರೆ ಅವಳನ್ನು ಬೇಗ ಸುಮ್ಮನಾಗಿಸೋಕೆ ಅಂತ ಹೇಳಬೇಡ. ಮುಂದೆ ಏನು ಕೇಳಿದಳು ಅಂತ ಫೋನ್ ಮಾಡು, ಬರೆಯುತ್ತಾ ಕೂತರೆ ತಡ.

ನಿನ್ನ ದೊಡ್ಡಮ್ಮ