ಭಾನುವಾರದ ಹುಳು ಗುರುತಿಸುವ ಕೂಟ: ಬರುವ ಮುಂಚೆ ಓದಿ

ಎಲ್ಲರಿಗೂ ಶರಣು. ಭಾನುವಾರ ಬೆಳಿಗ್ಗೆ 10ಕ್ಕೆ ಬೀದರ್‌ನಲ್ಲಿ ಸೇರೋಣ. ನಮ್ಮೂರ ಕತ್ತೆಗಳ ಕರುಳಿನಲ್ಲಿರುವ ದುಂಡುಹುಳುಗಳ ಜೊತೆ ಆಫ್ರಿಕಾದ ಕಾಡು ಜೀಬ್ರಾಗಳ ಹುಳುಗಳ ಚಿತ್ರಗಳನ್ನೂ ಇಟ್ಟು ನೋಡುತ್ತೇವೆ. ಕತ್ತೆ, ಜೀಬ್ರಾ ಎರಡೂ ಕುದುರೆಯ ಕುಟುಂಬದವೇ ಅಲ್ವಾ? ಸ್ಟ್ರಾಂಗೈಲಸ್ ಅಸಿನಿ ಎಂಬ ಹುಳು ಎರಡರಲ್ಲೂ ಸಿಕ್ಕಿದೆ.

ಒಂದು ಮಾತು ನೆನಪಿರಲಿ. ಲದ್ದಿಯಲ್ಲಿ ಸಿಗುವ ಸ್ಟ್ರಾಂಗೈಲ್ (ಕರುಳಿನ ದುಂಡುಹುಳುಗಳ ಒಂದು ಗುಂಪು) ಮೊಟ್ಟೆಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ. ಅವನ್ನು ನೋಡಿ ಜಾತಿಯ ಹೆಸರು ಹೇಳಬೇಡಿ. ಸತ್ತ ಪ್ರಾಣಿಯ ಕರುಳಿನಿಂದ ತೆಗೆದ ಬೆಳೆದ ಹುಳು ಬೇಕು. ಅದನ್ನು ಲ್ಯಾಕ್ಟೋಫಿನಾಲ್ ಎಂಬ ದ್ರವದಲ್ಲಿ ಇಟ್ಟರೆ ಮೈ ತಿಳಿಯಾಗಿ ಒಳಗಿನದೆಲ್ಲ ಕಾಣುತ್ತದೆ. ಮೊದಲು ಬಾಯಿ ನೋಡಿ. ಸ್ಟ್ರಾಂಗೈಲಸ್ ವಲ್ಗ್ಯಾರಿಸ್‌ಗೆ ಬಾಯಿಯ ತಳದಲ್ಲಿ ಕಿವಿಯಾಕಾರದ ಎರಡು ಹಲ್ಲು. ಸ್ಟ್ರಾಂಗೈಲಸ್ ಎಡೆಂಟೇಟಸ್‌ಗೆ ಹಲ್ಲೇ ಇಲ್ಲ. ಸಣ್ಣ ಸ್ಟ್ರಾಂಗೈಲ್‌ಗಳಲ್ಲಿ ಬಾಯಿ ಸುತ್ತಲಿನ ಎಲೆಯಂಥ ಎಸಳುಗಳನ್ನು ತಾಳ್ಮೆಯಿಂದ ಎಣಿಸಬೇಕು. ನನಗೆ ಇದೇ ಜಾಸ್ತಿ ಇಷ್ಟದ ಕೆಲಸ. ಆಮೇಲೆ ಗಂಡುಹುಳುವಿನ ಬಾಲದ ತುದಿಯಲ್ಲಿ ಕೊಡೆಯಂತೆ ಹರಡಿದ ಪೊರೆ, ಅದರ ಕಡ್ಡಿಗಳನ್ನು ನೋಡಿ.

ಜೀಬ್ರಾದ ಕ್ರಾಸೊಸೆಫಾಲಸ್ ವಿವಿಪಾರಸ್ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಅದರ ಚಿತ್ರ ತಪ್ಪದೆ ನೋಡಿ.

ಹೊಸ ಜಾತಿ ಅನ್ನಿಸಿದರೆ ಒಂದೇ ಹುಳು ಸಾಲದು. ಗಂಡು, ಹೆಣ್ಣು ಎರಡನ್ನೂ ಸಾಕಷ್ಟು ಅಳೆದು, ಚಿತ್ರ ಬರೆದು, ಯಾವ ಪ್ರಾಣಿ, ಕರುಳಿನ ಯಾವ ಭಾಗ, ಯಾವ ಊರು ಎಂದು ಬರೆಯಬೇಕು. ಮಾದರಿ ಹುಳುವನ್ನು ಮ್ಯೂಸಿಯಂನಲ್ಲಿ ಇಡಬೇಕು. ಸುಮ್ನೆ ಫೋಟೊ ಸಾಲದು.

ಗ್ಲೌಸ್, ಪೆನ್ಸಿಲ್, ಬಿಳಿ ಹಾಳೆ ತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಸೂಕ್ಷ್ಮದರ್ಶಕಗಳು ಮೂರೇ ಇವೆ.