ಮೂರು ದ್ವೀಪ ಯಾಕವ್ವಾ, ಒಂದೇ ಸಾಕು

ರಾಯಚೂರು

ಚಿ. ಸೌ. ಅಕ್ಷತಾಳಿಗೆ ಸೋದರಮಾವನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ನೀವು ಲಕ್ಷದ್ವೀಪಕ್ಕೆ ಹೊರಟಿರುವ ಸುದ್ದಿ ನಿಮ್ಮವ್ವ ಹೇಳಿದಳು. ನೀನು ಕಳಿಸಿದ ಪಟ್ಟಿಯನ್ನೂ ಓದಿದೆ. ಐದು ದಿನ, ಮೂರು ದ್ವೀಪ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪ, ರಾತ್ರಿ ಹಡಗು, ನಡುವೆ ಗಂಟೆಗೊಂದು ಕಾರ್ಯಕ್ರಮ. ಇದು ರಜೆ ಅಲ್ಲ ತಂಗಿ, ತಾಲ್ಲೂಕಿಗೆ ದೊಡ್ಡ ಸಾಹೇಬರು ಬಂದಾಗಿನ ಇನ್‌ಸ್ಪೆಕ್ಷನ್ ಇದ್ದಂಗೈತಿ.

ನನ್ನ ಮಾತು ಕೇಳುವುದಾದರೆ ಎರಡನ್ನು ಹೊಡೆದುಹಾಕು. ಒಂದೇ ದ್ವೀಪದಲ್ಲಿ ಇದ್ದು ಬಾ. ನಿನ್ನ ಪಟ್ಟಿಯಲ್ಲಿಲ್ಲದ ಕಡಮತ್ ದ್ವೀಪ ಆದರೆ ಇನ್ನೂ ಚಲೋ. ನಾನು ನಿವೃತ್ತನಾದ ಮೇಲೆ ನಿಮ್ಮ ಅತ್ತೆಯನ್ನು ಕರೆದುಕೊಂಡು ಅಲ್ಲಿಗೇ ಹೋಗಿದ್ದೆ. ಉದ್ದ ಸುಮಾರು 9 ಕಿ.ಮೀ., ಅಗಲ ಹೆಚ್ಚೆಂದರೆ ಸುಮಾರು ಅರ್ಧ ಕಿ.ಮೀ. ಚಹಾ ಆರುವುದರೊಳಗೆ ಈ ಕಡಲಿನಿಂದ ಆ ಕಡಲಿಗೆ ನಡೆದುಬಿಡಬಹುದು. ಪಡುವಣದಲ್ಲಿ ಲಗೂನು, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲು. ಹವಳದ ದಿಬ್ಬ ದೂರದಲ್ಲೇ ಅಲೆಗಳನ್ನು ಮುರಿಯುತ್ತದೆ, ಹಾಗಾಗಿ ಈಚೆಯ ನೀರು ಅಲುಗಾಡದೆ ನಿಂತಿರುತ್ತದೆ. ನೋಡುವಂಥ ಗುಡಿ ಗೋಪುರ ಏನೂ ಇಲ್ಲ. ಮೊದಲ ದಿನ ನಿನಗೆ ಕೈಕಾಲು ಕಟ್ಟಿದಂತಾದೀತು. ತಡಕೋ. ಆಮೇಲೆ ನೀರು ಇಳಿಯುವ ಹೊತ್ತು, ಏರುವ ಹೊತ್ತು ತಾವಾಗಿಯೇ ಗೊತ್ತಾಗತೊಡಗುತ್ತವೆ. ಇಳಿತದ ಹೊತ್ತಿಗೆ ದಂಡೆಯಲ್ಲಿ ಸುಮ್ಮನೆ ಕೂತು ನೋಡು: ಬಿಳಿ ಏಡಿಯೊಂದು ಬಿಲದಿಂದ ಮರಳು ಹೊತ್ತು ತಂದು ಹೊರಗೆಸೆಯುತ್ತದೆ, ನಿನ್ನ ನೆರಳು ಕದಲಿತೋ, ಒಳಗೆ ಮಾಯ. ಮಗನಿಗೆ ಇದೊಂದೇ ಆಟ ಇಡೀ ಮುಂಜಾನೆಗೆ ಸಾಕು.

ಹೇಳಲೇಬೇಕಾದದ್ದು ನೀರಿನ ವಿಷಯ. ಕೃಷ್ಣೆ, ತುಂಗಭದ್ರೆ ಎರಡೂ ಹೊಳೆಗಳ ನಡುವೆ ಹುಟ್ಟಿ, ಆದರೂ ಕೊಡ ಹಿಡಿದು ಸರತಿಯಲ್ಲಿ ನಿಂತವಳು ನೀನು, ನಿನಗಿದು ಬೇಗ ತಿಳಿದೀತು. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಬಾವಿಗೆ ಬರುವುದು ಅದೇ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕವರತ್ತಿಯಲ್ಲಿ 2005ರಲ್ಲೇ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಹಾಕಿದ್ದು ಇದೇ ಕಾರಣಕ್ಕೆ. ರೂಮಿಗೆ ದುಡ್ಡು ಕೊಟ್ಟಿದ್ದೇವೆ ಅಂತ ಷವರ್ ಬಿಟ್ಟು ನಿಲ್ಲಬೇಡ. ಬಕೆಟ್ಟು, ಚೊಂಬು ಸಾಕು.

ಹವಳದ ಮೇಲೆ ಕಾಲಿಡಬೇಡಿ. ಕಲ್ಲಿನಂತೆ ಕಂಡರೂ ಅದಕ್ಕೆ ಜೀವ ಇದೆ. 1998ರಲ್ಲಿ ಕಡಲು ಕಾದಾಗ ಲಕ್ಷದ್ವೀಪದ ಹವಳ ಬೆಳ್ಳಗೆ ಬಿಳಿಚಿ ಬಹಳಷ್ಟು ಸತ್ತಿತು, ಆಮೇಲೂ ಆ ಹೊಡೆತ ಮತ್ತೆ ಮತ್ತೆ ಬಿದ್ದಿದೆ. ಚಂದ ಐತಿ ಅಂತ ಮಗ ಒಂದು ತುಂಡು ಜೇಬಿಗೆ ಹಾಕಿಕೊಂಡಾನು, ನೋಡಿಕೋ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಹಡಗು ದಡದ ತನಕ ಹೋಗದ ಕಡೆ ನಡುನೀರಿನಲ್ಲೇ ಸಣ್ಣ ದೋಣಿಗೆ ದಾಟಿಸುತ್ತಾರೆ. ಕೃಷ್ಣೆಯ ನಡುಗಡ್ಡೆ ಕುರವಪುರಕ್ಕೆ ತೆಪ್ಪ ಹತ್ತಿದ ಧೈರ್ಯ ಇಲ್ಲಿ ಸಾಲದು. ಅಲೆ ದೋಣಿಯನ್ನು ಮೇಲೆತ್ತಿದ ಗಳಿಗೆಯಲ್ಲಿ ಅಂಬಿಗ ನಿನ್ನ ಮೊಣಕೈ ಹಿಡಿದು ಎಳೆಯುತ್ತಾನೆ. ಆಗ ಅನುಮಾನ ಮಾಡುತ್ತ ನಿಲ್ಲಬೇಡ, ಕಾಲು ಎತ್ತಿ ಇಡು. ಎರಡೂ ಕೈ ಖಾಲಿ ಇರಲಿ, ಚೀಲ ಆಮೇಲೆ ಬರುತ್ತದೆ.

ಬಿಸಿಲು ನಮಗೇನು ಹೊಸದಾ ಅನ್ನಬೇಡ. ರಾಯಚೂರ ಬಿಸಿಲು ಕಾಸುತ್ತದೆ, ಗೊತ್ತಾಗುತ್ತದೆ. ಅಲ್ಲಿ ಗಾಳಿ ತಂಪಾಗಿ ಬೀಸುತ್ತಿರುತ್ತದೆ, ಬಿಳಿ ಮರಳೂ ನೀರೂ ಕೆಳಗಿನಿಂದ ಬೆಳಕು ಎರಚುತ್ತವೆ. ರಾತ್ರಿ ಅಂಗಿ ತೆಗೆಯುವಾಗಲೇ ಬೆನ್ನು ಸುಟ್ಟಿದ್ದು ತಿಳಿಯುವುದು. ಮೇ ತಿಂಗಳ ಕೊನೆಗಂತೂ ಹೋಗಬೇಡಿ, ಮುಂಗಾರು ಹತ್ತಿರ ಬಂದಂತೆ ಸಮುದ್ರದ ಸ್ವಭಾವ ಬದಲಾಗುತ್ತದೆ.

ಊರಿನವರು ಬಹುಪಾಲು ಮುಸಲ್ಮಾನರು, ಮರ್ಯಾದಸ್ಥರು, ಮಾತು ಮಲಯಾಳದ ಒಂದು ಬಗೆ. ಈಜುವ ಬಟ್ಟೆ ದಂಡೆಗೇ ಇರಲಿ, ಓಣಿಯಲ್ಲಿ ಮೈತುಂಬ ಉಟ್ಟುಕೊಂಡು ನಡೆ. ಹೆಣ್ಣುಮಕ್ಕಳ ಫೋಟೋ ಕೇಳದೆ ತೆಗೆಯಬೇಡ. ಅಂದಹಾಗೆ, ಕಡಮತ್ ಸೇರಿದ ಅಮಿನದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ಕೊಬ್ಬರಿ ಮಂಗಳೂರಿಗೆ ಬಂದು ಇಳಿಯುತ್ತಿತ್ತು. ಮುದುಕರ ಹತ್ತಿರ ಮಂಗಳೂರಿನ ಹೆಸರು ತೆಗೆದು ನೋಡು, ಮಾತು ಬೆಳೆದರೂ ಬೆಳೆದೀತು. ಬಂಗಾರಂ ದ್ವೀಪ ಒಂದನ್ನು ಬಿಟ್ಟು ಬೇರೆಲ್ಲೂ ಮದ್ಯ ಸಿಗುವುದಿಲ್ಲ. ಇದನ್ನು ಅಳಿಯಂದಿರಿಗೆ ನೀನೇ ಹೇಳು, ನಾನು ಹೇಳಿದರೆ ಚೆನ್ನಾಗಿರಲ್ಲ.

ನೆಟ್‌ವರ್ಕ್ ಇರಲ್ಲ ಅಂತ ಆಫೀಸಿಗೆ ಹೇಳುವ ನೆಪವೂ ಈಗ ಉಳಿದಿಲ್ಲ. 2024ರಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಬಂತು. ಆದ್ದರಿಂದ ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿಬಿಡು, ಫೋನ್ ಎತ್ತುವುದಿಲ್ಲ ಅಂತ. ನೀನು ಹೇಳುವುದಿಲ್ಲ ಅಂತ ನನಗೆ ಗೊತ್ತು, ಅದಕ್ಕೇ ಬರೆದೆ.

ಊಟಕ್ಕೆ ಅನ್ನ, ತೆಂಗು, ಸೂರೆ (ಟ್ಯೂನಾ) ಮೀನು. ಕಾಯಿಪಲ್ಲೆ ಬಹುಪಾಲು ಹಡಗಿನಲ್ಲಿ ಬರಬೇಕು, ಬದನೆಕಾಯಿ ಎಣ್ಣೆಗಾಯಿ ಕೇಳಿ ಅಡುಗೆಯವನ ಜೀವ ತಿನ್ನಬೇಡ. ಪ್ರವೇಶಕ್ಕೆ ಅನುಮತಿ ಪತ್ರ ಬೇಕೇ ಬೇಕು, ಅದು ಕೈಸೇರಲು ದಿನ ಹಿಡಿಯುತ್ತದೆ, ಇವತ್ತೇ ಅರ್ಜಿ ಹಾಕು. ತಾರೀಖು ಗೊತ್ತಾದ ಕೂಡಲೇ ತಿಳಿಸು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಷ್ಟು ಕಟ್ಟಲಿ ಅಂತ ನಿಮ್ಮ ಅತ್ತೆ ಈಗಲೇ ಕೇಳುತ್ತಿದ್ದಾಳೆ.

ಇಂತಿ,
ನಿನ್ನ ಸೋದರಮಾವ